ಇದು ಸಮಾಧಿ ಅಲ್ಲ

ಮನೆಯಲ್ಲಿ ಕೂತು ಮಾಡುವ ಕೆಲಸವೆಂದು ಜಿಪಾರ್ ಈವರೆಗೆ ಮೂರನ್ನು ಹಿಡಿದಿದ್ದಳು. ಮೊದಲನೆಯದು ಪೆನ್ನಿಗೆ ಮುಚ್ಚಳ ಹಾಕುವುದು. ಮುಂಗಡ ಕಟ್ಟಿದ ಮೇಲೆ ಒಂದು ಮೂಟೆ ಮುಚ್ಚಳ ಬಂತು, ಪೆನ್ನು ಬರಲಿಲ್ಲ. ಎರಡನೆಯದು ಕಂಡಕಂಡವರ ಚಿತ್ರಗಳಿಗೆ ಫೋನಿನಲ್ಲಿ ಹೃದಯದ ಗುರುತು ಒತ್ತುವುದು. ಎಂಟು ದಿನ ಒತ್ತಿ ಹೆಬ್ಬೆರಳು ಊದಿಕೊಂಡಿತು, ಸಂಬಳದ ದಿನ ಕೆಲಸ ಕೊಟ್ಟವರೇ ಮಾಯವಾದರು. ಮೂರನೆಯ ಕೆಲಸ ಏನೆಂಬುದು ಅವಳಿಗೆ ಕಡೆಯವರೆಗೂ ಅರ್ಥವಾಗಲಿಲ್ಲ. ಅದರಿಂದ ಬಿಡಿಸಿಕೊಳ್ಳಲು ಮಾತ್ರ ಕಿವಿಯೋಲೆ ಮಾರಬೇಕಾಯಿತು.

ಇಷ್ಟಾದರೂ ಅವಳು ಹುಡುಕುವುದನ್ನು ಬಿಡಲಿಲ್ಲ, ಕಾರಣವಿತ್ತು. ಗಂಡ ಕುಬಾತ್ ಮೊದಲ ಹಿಮ ಬೀಳುವವರೆಗೂ ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ ಪರರ ಕುರಿ ಕಾಯುವವನು. ಅವನ ತಂಗಿ ಮಾಸ್ಕೋದಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದಳು. ಆ ನಾದಿನಿಯ ಇಬ್ಬರು ಹೆಣ್ಣುಮಕ್ಕಳು ಇದೇ ಮನೆಯಲ್ಲಿ ಬೆಳೆಯುತ್ತಿದ್ದರು. ಅವರು ಅಜ್ಜಿಯನ್ನು ಅಮ್ಮ ಎನ್ನುತ್ತಿದ್ದರು. ಹೆತ್ತ ತಾಯಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಫೋನನ್ನು ತೋರಿಸುತ್ತಿದ್ದರು. ಫೋನನ್ನು ಚಾರ್ಜಿಗೆ ಹಾಕಿದಾಗ ಚಿಕ್ಕವಳು ಹೋಗಿ ಅದರ ಪಕ್ಕ ಮಲಗುತ್ತಿದ್ದಳು.

ಆ ನಾದಿನಿ ಈಗ ಜಿಪಾರ್‌ಗೂ ಅಲ್ಲೊಂದು ಹೊಲಿಗೆ ಯಂತ್ರ ಗೊತ್ತುಮಾಡಿದ್ದಳು.

“ಇನ್ನೊಂದು ತಿಂಗಳು ನೋಡ್ತೀನಿ,” ಎಂದಳು ಅತ್ತೆ ಉಲ್ಕಾನ್. “ಅಷ್ಟರೊಳಗೆ ನಿಜವಾದ ಕೆಲಸ ಸಿಕ್ತು ಅಂದ್ರೆ ಸರಿ. ಇಲ್ಲಾಂದ್ರೆ ಹೊರಡು. ಎರಡನ್ನ ಸಾಕ್ತಾ ಇದ್ದೀನಿ, ಮೂರನೆಯದೇನು ನನಗೆ ಭಾರ ಅಲ್ಲ.”

ನಾಲ್ಕು ವರ್ಷದ ಮಗಳು ಬೆರ್ಮೆತ್ ಒಮ್ಮೆ ಅಜ್ಜಿಯನ್ನು ನೋಡಿದಳು, ಒಮ್ಮೆ ಗೋಡೆಯ ಹತ್ತಿರ ಚಾರ್ಜಾಗುತ್ತಿದ್ದ ಫೋನನ್ನು ನೋಡಿದಳು. ಜಿಪಾರ್ ಮಗಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಳು. ತಾನೂ ಒಂದು ದಿನ ಗೋಡೆಗೆ ಸಿಕ್ಕಿಸಿದ ಅಮ್ಮನಾಗುತ್ತೇನೆ ಎಂಬುದನ್ನು ಅವಳಿಂದ ನೆನೆಯಲೂ ಆಗುತ್ತಿರಲಿಲ್ಲ.

ನಾಲ್ಕನೆಯ ಕೆಲಸ ಸಿಕ್ಕಿದ್ದು ಹೀಗಿರುವಾಗ. ರಾಜಧಾನಿಯ ಒಂದು ಕಚೇರಿ ನಾಡಿನ ಸ್ಮಶಾನಗಳನ್ನೆಲ್ಲ ಪಟ್ಟಿ ಮಾಡುತ್ತಿತ್ತು. ಗೋರಿಕಲ್ಲುಗಳ ಚಿತ್ರ ಕಳಿಸುತ್ತಾರೆ, ಅದನ್ನು ನೋಡಿ ಸತ್ತವರ ಹೆಸರು, ಅವರ ತಂದೆಯ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ ಟೈಪ್ ಮಾಡಬೇಕು. ಮೊದಲ ಐನೂರು ಕಲ್ಲು ಪರೀಕ್ಷೆಗೆ. ಅದರಲ್ಲಿ ಹತ್ತು ತಪ್ಪಿಗೆ ಮಾಫಿ. ಹನ್ನೊಂದನೆಯದಾದರೆ ಮನೆಗೆ. ಮನೆಯಲ್ಲೇ ಕೂತು ಮಾಡುವ ಕೆಲಸದಲ್ಲಿ ಮನೆಗೆ ಕಳಿಸುವುದು ಹೇಗೆಂದು ಜಿಪಾರ್ ಕೇಳಲಿಲ್ಲ.

ಪಕ್ಕದ ಮನೆಯ ಕಲಿಪಾ ಇಂಥ ವಿಷಯಗಳಲ್ಲಿ ಊರಿಗೇ ದೊಡ್ಡ ಪಂಡಿತೆ. ಅವಳೂ ಒಂದು ಮೂಟೆ ಮುಚ್ಚಳ ಇಟ್ಟುಕೊಂಡಿದ್ದಳು.

“ಮುಂಗಡ ಕೇಳಿದ್ರಾ?”

“ಇಲ್ಲ ಅಕ್ಕಾ.”

“ಫೋನಿಗೆ ಬರೋ ಗುಟ್ಟಿನ ನಂಬರ್ರು?”

“ಅದೂ ಕೇಳಲಿಲ್ಲ.”

“ಹೋಗ್ಲಿ, ‘ಪ್ರೀತಿಯ ಸೋದರಿ, ನಿಮ್ಮ ಅದೃಷ್ಟ ಬದಲಾಗುತ್ತೆ’ ಅಂತೇನಾದ್ರೂ?”

“‘ತಪ್ಪು ಮಾಡಬೇಡಿ’ ಅಂದ್ರು ಅಷ್ಟೆ.”

ಕಲಿಪಾ ಚಹಾದ ಬಟ್ಟಲು ಕೆಳಗಿಟ್ಟಳು. “ಹಾಗಾದ್ರೆ ಇದು ಭಾರೀ ಮೋಸಾನೇ ಕಣೇ. ದುಡ್ಡು ಕೇಳೋರು ದುಡ್ಡು ತಗೊಂಡು ಹೋಗ್ತಾರೆ. ಏನೂ ಕೇಳದೇ ಇರೋರು ಏನು ತಗೊಂಡು ಹೋಗ್ತಾರೋ ಯಾರಿಗೆ ಗೊತ್ತು?”

ಮೇಲ್ವಿಚಾರಕಿಯ ಹೆಸರು ಕುಂದುಜ್. ಅವಳ ದನಿಯನ್ನು ಯಾರೂ ಕೇಳಿರಲಿಲ್ಲ. ಚಿತ್ರವಿರಬೇಕಾದ ಗುಂಡನೆಯ ಜಾಗದಲ್ಲಿ ಮುಖದ ಬದಲು ಬೂದು ಬಣ್ಣದ ಒಂದು ಗುಡ್ಡವಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಅವಳ ಸಂದೇಶ ಬರುತ್ತಿತ್ತು. ಸಲಾಂ ಇಲ್ಲ, ಕುಶಲ ಇಲ್ಲ, ಮಕ್ಕಳು ಹೇಗಿದ್ದಾರೆ ಎಂದಿಲ್ಲ. ಕುರಿಗಳ ಮೈಕೈ ಚೆನ್ನಾಗಿದೆಯೇ ಎಂದು ಮೊದಲು ವಿಚಾರಿಸದೆ ಸಾಲ ಕೂಡ ಕೇಳದ ಊರಿನಲ್ಲಿ ಇದು ತುಸು ಭಯ ಹುಟ್ಟಿಸುವ ನಡತೆಯೇ.

ಗಂಡ ತಮ್ಮದೆಂದಿದ್ದ ಎರಡು ಕುರಿ ಮಾರಿ ತಂದುಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪನ್ನು ಕಿಟಕಿಯ ಹತ್ತಿರ ಇಟ್ಟುಕೊಂಡು ಜಿಪಾರ್ ಶುರುಮಾಡಿದಳು. ಕಿಟಕಿಯಿಂದ ನೇರಕ್ಕೆ ಊರ ಸ್ಮಶಾನದ ಗುಡ್ಡ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ಅವರ ಊರಾದ ಅಕ್-ಬುಲುಂಗ್‌ನಲ್ಲಿ ಬದುಕಿರುವವರ ಊರಿಗಿಂತ ಸತ್ತವರ ಊರೇ ಅಂದ. ಕೆಳಗಿನವರಿಗೆ ತಗಡಿನ ಮಾಡು, ಮೇಲಿನವರಿಗೆ ಗುಮ್ಮಟ. ಕೆಳಗೆ ಬೇಲಿ ಮುರಿದಿದೆ, ಮೇಲೆ ಕಬ್ಬಿಣದ ಗೇಟಿಗೆ ಬಣ್ಣ ಬಳಿದಿದೆ. ಗಂಡ ಬದುಕಿದ್ದಾಗ ಒಂದು ಹೊಸ ಅಂಗಿ ಹೊಲಿಸಿಕೊಡದವರೂ ಅವನು ಸತ್ತ ಮೇಲೆ ಕಪ್ಪು ಕಲ್ಲಿನಲ್ಲಿ ಸೂಟು ಹಾಕಿಸಿ ಮುಖ ಕೆತ್ತಿಸಿದ್ದರು.

ಮೂರು ವಾರ ಬಂದದ್ದು ಬೇರೆ ಊರುಗಳ ಸತ್ತವರು. ಜಿಪಾರ್ ಒಬ್ಬೊಬ್ಬರಿಗೂ ಮೆಲ್ಲಗೆ ಸಲಾಂ ಹೇಳಿ ಟೈಪ್ ಮಾಡುತ್ತಿದ್ದಳು. ಮೊದಮೊದಲು ಕಲ್ಲು ಕೆತ್ತಿದವನ ಹೆಸರನ್ನೇ ಸತ್ತವನ ಹೆಸರೆಂದು ತಿಳಿದದ್ದರಿಂದ ಒಬ್ಬನೇ ಮನುಷ್ಯ ಒಂದೇ ವಾರದಲ್ಲಿ ಒಂಬತ್ತು ಕಡೆ ಸತ್ತ. ಆ ಕಲ್ಲುಕುಟಿಗ ಇನ್ನೂ ಗಟ್ಟಿಮುಟ್ಟಾಗಿದ್ದಾನಂತೆ. ಕುಂದುಜ್ ಬರೆದಳು: “ಒಂಬತ್ತು ತಪ್ಪು. ಒಂದು ಉಳಿದಿದೆ.” ಅಂದಿನಿಂದ ಜಿಪಾರ್ ಬೆಣ್ಣೆಯಿಂದ ಕೂದಲು ತೆಗೆಯುವಂತೆ ಕೆಲಸ ಮಾಡತೊಡಗಿದಳು.

ಕಡೆಯ ವಾರ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ, ಪರದೆಯ ಮೇಲೆ ತನ್ನದೇ ಊರಿನ ಗುಡ್ಡ. ಅದರಲ್ಲೂ ಗಂಡನ ಮನೆಯವರ ಸಾಲು. ಇಪ್ಪತ್ತಮೂರು ಜನ. ಮೊದಲನೆಯವರು ಗಂಡನ ಮುತ್ತಜ್ಜ ಟೊಕ್ಟೊಸುನ್. ಅವರ ತಾಯಿಗೆ ಹುಟ್ಟಿದ ಮಕ್ಕಳೆಲ್ಲ ಸತ್ತು, ಇದಾದರೂ ನಿಲ್ಲಲಿ ಎಂದು ಹರಕೆಯಂತೆ ಇಟ್ಟ ಹೆಸರು ಅದು. ಕೊನೆಯವರು ಮಾವ ಕೆನೆಶ್, ತೀರಿಕೊಂಡು ಆರು ವರ್ಷ.

ಹೆಸರುಗಳನ್ನು ಹೇಳುತ್ತಿರುವುದು ನಾನು, ಜಿಪಾರ್ ಅಲ್ಲ. ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆಯಾದವಳು ಬಾಯಲ್ಲಿ ತರುವ ಹಾಗಿಲ್ಲ. ಸತ್ತವರದ್ದಂತೂ ಇಲ್ಲವೇ ಇಲ್ಲ. ಉಲ್ಕಾನ್ ನಲವತ್ತು ವರ್ಷ ಸಂಸಾರ ಮಾಡಿದ್ದು ‘ಇವರೇ’, ‘ಕೇಳಿಸ್ತಾ’ ಎಂಬ ಎರಡು ಮಾತಿನಲ್ಲಿ. ಒಮ್ಮೆ ಕೆನೆಶ್ ಹೊಳೆಗೆ ಬಿದ್ದಾಗಲೂ ಅವಳು ದಡದಲ್ಲಿ ನಿಂತು ‘ಮಕ್ಕಳ ಅಪ್ಪಾ’ ಎಂದೇ ಕೂಗಿದಳು. ಹೊಳೆಯ ದಡದಲ್ಲಿದ್ದ ಮಕ್ಕಳ ಅಪ್ಪಂದಿರೆಲ್ಲ ನೀರಿಗೆ ಹಾರಿದ್ದರಿಂದ ಕೆನೆಶ್ ಬದುಕಿಕೊಂಡರು.

“ಬಾಯಲ್ಲಿ ಹೇಳಲ್ಲ ಅಪಾ,” ಎಂದಳು ಜಿಪಾರ್. ಅತ್ತೆಯನ್ನು ಅವಳು ಕರೆಯುತ್ತಿದ್ದದ್ದು ಹಾಗೆಯೇ. “ಬೆರಳಲ್ಲಿ ಒತ್ತೋದು ಅಷ್ಟೆ.”

“ಬೆರಳೇನು ಪಕ್ಕದ ಮನೆಯದಾ?”

“ಹಾಗಾದ್ರೆ ಕಲಿಪಕ್ಕನ ಕೈಲಿ ಒತ್ತಿಸ್ಲಾ?”

“ಬೇರೆಯವರ ಕೈಗೆ ಕೊಡಲ್ಲ ಅಂತ ಕಾಗದಕ್ಕೆ ಸಹಿ ಹಾಕಿದ್ದೀಯಲ್ಲ. ಇದೊಂದಾದ್ರೂ ಪ್ರಾಮಾಣಿಕ ಕೆಲಸ ಅಂತ ನೀನೇ ಅಂದೆ.”

“ನೀವೇ ಹೇಳ್ಬಿಡಿ ಅಪಾ. ನೀವು ಹೇಳೋದು, ನಾನು ಬರ್ಕೊಳ್ಳೋದು.”

“ನಾನೂ ಈ ಮನೆಗೆ ಸೊಸೆಯಾಗಿ ಬಂದವಳೇ ಕಣೇ,” ಎಂದು ಉಲ್ಕಾನ್ ಎದ್ದು ಹಿಟ್ಟು ನಾದಲು ಹೋದಳು.

ಮನೆಯಲ್ಲಿ ಗಂಡಸರಿಲ್ಲ. ಮಕ್ಕಳಿಗೆ ಓದು ಬಾರದು. ಹೆಸರಿನ ಜಾಗ ತುಂಬದೆ ಮುಂದಿನ ಚಿತ್ರಕ್ಕೆ ಹೋಗಲು ಯಂತ್ರ ಬಿಡದು. ಬಿಸಿತುಪ್ಪವನ್ನು ಬಾಯಲ್ಲಿಟ್ಟುಕೊಂಡವಳಂತೆ ಜಿಪಾರ್ ಅರ್ಧ ದಿನ ಕೂತಳು. ಆಗ ಪರದೆಯ ಕೆಳಮೂಲೆಯಲ್ಲಿ ಒಂದು ಸಣ್ಣ ಗುಂಡಿ ಕಂಡಿತು. ಚಿತ್ರ ತೆಗೆಯುವವನು ಎಷ್ಟೋ ಸಲ ನಾಯಿಯನ್ನೋ ಪೊದೆಯನ್ನೋ ತನ್ನ ಹೆಬ್ಬೆರಳನ್ನೋ ತೆಗೆದು ಕಳಿಸುತ್ತಾನಲ್ಲ, ಅಂಥವಕ್ಕೆಂದು ಇಟ್ಟದ್ದು. ‘ಇದು ಸಮಾಧಿ ಅಲ್ಲ.’

ಅವಳು ಮುತ್ತಜ್ಜನ ಗುಮ್ಮಟದ ಮೇಲೆ ಅದನ್ನು ಒತ್ತಿದಳು. ‘ಖಚಿತವೇ?’ ಎಂದು ಯಂತ್ರ ಕೇಳಿತು. ‘ಹೌದು’ ಎಂದು ಒತ್ತಿದಳು. ಹೆಸರು ಹೇಳಿದಂತೆಯೂ ಆಗಲಿಲ್ಲ, ಕೆಲಸ ನಿಂತಂತೆಯೂ ಆಗಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇಪ್ಪತ್ತಮೂರು ಸಲ ಒತ್ತಿ, ಇಪ್ಪತ್ತಮೂರು ಸಲ ಖಚಿತ ಎಂದು, ಕಡೆಗೆ ಮಾವನ ಮುಖದ ಮುಂದೆ ಕೈಮುಗಿದು ತಪ್ಪಾಯಿತು ಎಂದು ಹೇಳಿ ಲ್ಯಾಪ್‌ಟಾಪ್ ಮುಚ್ಚಿದಳು. ಒಬ್ಬ ಮನುಷ್ಯನ ಮನೆಯನ್ನು ಅದು ಮನೆಯೇ ಅಲ್ಲ ಎಂದು ಬರೆದುಬಿಟ್ಟರೆ ಅವನು ಹೋಗುವುದಾದರೂ ಎಲ್ಲಿಗೆ ಎಂದು ಅವಳಿಗೆ ಹೊಳೆಯಲಿಲ್ಲ.

ಅಂದು ಮಧ್ಯಾಹ್ನ ಮುದಿ ನಾಯಿ ಅಕ್ತೋಶ್ ಎದ್ದು ಗೇಟಿನ ಹತ್ತಿರ ಹೋಯಿತು. ಕೆನೆಶ್ ಹೋದಂದಿನಿಂದ ಅದು ಯಾರಿಗೂ ಎದ್ದಿರಲಿಲ್ಲ. ಗೇಟಿನಲ್ಲಿ ಯಾರೂ ಇರಲಿಲ್ಲ. ನಾಯಿ ಮಾತ್ರ ಒಬ್ಬೊಬ್ಬರನ್ನೇ ಮೂಸಿ ಒಳಗೆ ಬಿಡುತ್ತಿರುವ ಹಾಗೆ ತಲೆಯಾಡಿಸುತ್ತ ಬಹಳ ಹೊತ್ತು ನಿಂತಿತ್ತು. ಕಡೆಗೆ ಬಾಲ ಅಲ್ಲಾಡಿಸಿ, ನೆಲಕ್ಕೆ ಹೊರಳಿ, ಹೊಟ್ಟೆ ತೋರಿಸಿತು.

ಆಮೇಲೆ ಮನೆಯಲ್ಲಿ ಜಾಗ ಸಾಲದಾಯಿತು. ಇದ್ದದ್ದು ಐದೇ ಜನ. ಆದರೂ ಊಟಕ್ಕೆ ಕೂತರೆ ಮೊಣಕೈ ತಾಗುತ್ತಿತ್ತು. ಗೋಡೆಯುದ್ದಕ್ಕೂ ಹಾಸಿದ್ದ ದಿಂಬುಗಳು ನಡುವೆ ತಗ್ಗಿ ಕೂತಿದ್ದವು, ಕೊಡವಿಟ್ಟರೆ ಮತ್ತೆ ತಗ್ಗುತ್ತಿದ್ದವು. ಕುದುರೆಯ ಬೆವರು ಮತ್ತು ಹಳೆಯ ತಂಬಾಕಿನ ವಾಸನೆ. “ಸರ್ಕೊಳ್ಳಿ ಅನ್ನು ಅಮ್ಮ,” ಎಂದು ಬೆರ್ಮೆತ್ ಖಾಲಿ ಹಾಸಿಗೆಯ ಅಂಚಿನಲ್ಲಿ ನಿಂತು ಅಳುತ್ತಿದ್ದಳು. ಒಲೆಯ ಪಕ್ಕದಲ್ಲಂತೂ ದಿನಕ್ಕೆ ನಾಲ್ಕು ಸಲ ಏನನ್ನೋ ಎಡವಿ ಬೀಳುತ್ತಿದ್ದಳು. ಅಲ್ಲಿ ಏನೂ ಇರಲಿಲ್ಲ. ಕೆನೆಶ್ ಬದುಕಿದ್ದಾಗ ಅದೇ ಜಾಗದಲ್ಲಿ ದಾರಿಗೆ ಅಡ್ಡವಾಗಿ ಕಾಲು ಚಾಚಿ ಕೂರುತ್ತಿದ್ದರು, ಉಲ್ಕಾನ್ ಅದಕ್ಕೆ ಬೈದ ಬೈಗುಳ ಬೀದಿಗೆಲ್ಲ ಕೇಳುತ್ತಿತ್ತು.

ಗುರುವಾರ ಬಂತು. ಆ ದಿನ ಎಣ್ಣೆ ಕಾಯಿಸಿ ಹಿಟ್ಟಿನ ತುಂಡುಗಳನ್ನು ಕರಿದರೆ ಆ ವಾಸನೆಗೆ ಹಿರಿಯರ ಆತ್ಮಗಳಿಗೆ ತೃಪ್ತಿಯಾಗುತ್ತದೆ. ಉಲ್ಕಾನ್ ಪ್ರತಿ ವಾರ ಒಂದು ಬೋಗುಣಿ ಬೋರ್ಸೋಕ್ ಕರಿಯುವವಳು, ಅಂದು ಮೂರು ಬೋಗುಣಿ ಕರಿದಳು. ಆತ್ಮಗಳು ವಾಸನೆಗೆ ಬರುತ್ತವೆ, ಬೋರ್ಸೋಕ್ ತಿನ್ನುವುದಿಲ್ಲ ಎಂಬುದು ಹಿಂದಿನಿಂದ ಬಂದ ಮಾತು. ಮೂರು ಬೋಗುಣಿಯೂ ಖಾಲಿಯಾಯಿತು. ಅತ್ತೆ ಐದು ಬಟ್ಟಲಿಗೆ ಚಹಾ ಬಗ್ಗಿಸಿ, ಸ್ವಲ್ಪ ತಡೆದು, ಆರನೆಯದನ್ನು ಒಲೆಯ ಪಕ್ಕದಲ್ಲಿಟ್ಟಳು. ಅವಳು ಹೊಸ ತಲೆವಸ್ತ್ರ ಕಟ್ಟಿಕೊಂಡಿದ್ದನ್ನು ಜಿಪಾರ್ ನೋಡಿದಳು, ಅರ್ಥ ಮಾಡಿಕೊಳ್ಳಲಿಲ್ಲ. ಅರ್ಥ ಮಾಡಿಕೊಳ್ಳುವುದರಲ್ಲಿ ಅವಳು ಎಂದೂ ಮುಂದಿರಲಿಲ್ಲ.

ಜರಡಿ ಕೇಳಲು ಬಂದ ಕಲಿಪಾ ಬಾಗಿಲಿನಿಂದ ಅಡಿಗೆಯ ಮೂಲೆಯವರೆಗೆ ಬಟ್ಟೆ ಎತ್ತಿ ಹಿಡಿದು, ಎಚ್ಚರದಿಂದ ಹೆಜ್ಜೆ ಇಡುತ್ತ, ಎಡಕ್ಕೂ ಬಲಕ್ಕೂ ಸಲಾಂ ಹೇಳುತ್ತ ಹೋದಳು, ಹಾಗೆಯೇ ವಾಪಸು ಬಂದಳು. ಅಂಗಳಕ್ಕೆ ಬಂದವಳು ಗಕ್ಕನೆ ನಿಂತಳು.

“ಒಳಗೆ ಯಾರೇ ಇದ್ರು?”

“ಯಾರೂ ಇರ್ಲಿಲ್ವಲ್ಲ ಅಕ್ಕಾ.”

“ಮತ್ತೆ ನಾನು ಅಷ್ಟೂ ಜನಕ್ಕೆ ಯಾಕೆ ಸಲಾಂ ಹೇಳಿದೆ?”

ಇಬ್ಬರೂ ಸ್ವಲ್ಪ ಹೊತ್ತು ಆ ಬಾಗಿಲನ್ನೇ ನೋಡಿದರು. ಕಲಿಪಾ ಜರಡಿಯನ್ನು ಎದೆಗವಚಿಕೊಂಡು, ಓಡುವುದು ಮರ್ಯಾದೆಯಲ್ಲವಾದ್ದರಿಂದ, ಬಹಳ ಬಿರುಸಾಗಿ ನಡೆದಳು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವ ಊರು. ಜಿಪಾರ್ ಮನೆಯಲ್ಲಿ ಗುಟ್ಟಾಗಿ ವಸತಿಗೃಹ ನಡೆಸುತ್ತಿದ್ದಾಳೆ ಎಂದರು ಕೆಲವರು. ಅಲ್ಲ, ಮುಚ್ಚಳದ ಕಂಪನಿಯವರೆಲ್ಲ ಅಲ್ಲಿ ಅಡಗಿದ್ದಾರೆ ಎಂದರು ಮುಂಗಡ ಕಳೆದುಕೊಂಡ ಹೆಂಗಸರು.

ನಾಲ್ಕು ದಿನ ಬಿಟ್ಟು ಗ್ರಾಮ ಕಚೇರಿಯ ಗುಮಾಸ್ತ ಬೈಶೆಂಬಿ ಒಂದು ಕಡತ ಹಿಡಿದು ಬಂದ. ಕುಳ್ಳ ಮನುಷ್ಯ, ಕುತ್ತಿಗೆಗಿಂತ ಟೈ ದಪ್ಪ.

“ನಿಮ್ಮನೇಲಿ ನೋಂದಣಿ ಇಲ್ಲದ ಜನ ಇದ್ದಾರೆ ಅಂತ ದೂರು ಬಂದಿತ್ತು,” ಎಂದ. “ನಾನು ತೆಗೆದು ನೋಡ್ದೆ. ಎಲ್ಲರಿಗೂ ನೋಂದಣಿ ಇದೆ, ಅದೇ ಈಗ ಕಷ್ಟ. ಇಪ್ಪತ್ತಮೂರು ಜನ, ಎರಡು ಕೋಣೆ. ಒಬ್ಬೊಬ್ಬರಿಗೆ ಇಷ್ಟು ಜಾಗ ಇರಲೇಬೇಕು ಅಂತ ನಿಯಮ ಇದೆ ತಾಯಿ.”

“ಯಾವ ಇಪ್ಪತ್ತಮೂರು ಜನ?” ಎಂದಳು ಜಿಪಾರ್. ಕೇಳುವಾಗಲೇ ಕಣ್ಣು ಲ್ಯಾಪ್‌ಟಾಪಿನ ಕಡೆ ಹೋಯಿತು.

“ನಮ್ಮ ಹಳೇ ಪುಸ್ತಕಗಳನ್ನ ಇಲಿ ತಿಂದಿವೆ. ಅದಕ್ಕೆ ಹೊಸ ಸುತ್ತೋಲೆ ಬಂತು. ಊರಲ್ಲಿ ಹುಟ್ಟಿದವರ ಪಟ್ಟಿ ಒಂದು ಕಡೆ, ಸ್ಮಶಾನದ ಹೊಸ ಪಟ್ಟಿ ಒಂದು ಕಡೆ ಇಟ್ಕೊಂಡು ಹೋಲಿಸಿ ನೋಡ್ಬೇಕು. ಸಮಾಧಿ ಇಲ್ಲದವರು ಬದುಕಿದ್ದಾರೆ. ನಿಮ್ಮನೆಯವರದ್ದು ಒಬ್ಬರದ್ದೂ ಸಮಾಧಿ ಇಲ್ಲ.”

“ನೀವೇ ದಿನಾ ಆ ದಾರೀಲಿ ಹೋಗ್ತೀರಲ್ಲ ಅಣ್ಣಾ!”

“ಹೋಗ್ತೀನಿ. ದೊಡ್ಡವರ ಗುಂಡಿ ತೋಡಿದ್ದೇ ನಮ್ಮಜ್ಜ. ಆದ್ರೆ ನನಗೆ ಗೊತ್ತಿರೋದನ್ನ ತಗೊಂಡು ಏನು ಮಾಡೋದು? ಪಟ್ಟಿಗೆ ಗೊತ್ತಿರ್ಬೇಕು.” ಅವನು ಕರವಸ್ತ್ರದಿಂದ ಹಣೆ ಒರೆಸಿಕೊಂಡ. “ನಾನು ಪಟ್ಟಿ ಜಿಲ್ಲೆಗೆ ಕಳಿಸ್ಬಿಟ್ಟೆ. ಅಲ್ಲಿಂದ ಫೋನು. ಟೊಕ್ಟೊಸುನ್ ಅಂತ ನೂರ ಹದಿನೈದು ವರ್ಷದವರು ಇದ್ದಾರಂತೆ, ಇಡೀ ಪ್ರಾಂತ್ಯಕ್ಕೇ ಹಿರಿಯರಂತೆ, ಗುರುವಾರ ಸಾಹೇಬರೇ ಸನ್ಮಾನಕ್ಕೆ ಚಪಾನ್ ನಿಲುವಂಗಿ ಹೊದಿಸೋಕೆ ಬರ್ತಾರಂತೆ. ಈಗ ಸತ್ತಿದ್ದಾರೆ ಅಂದ್ರೆ ಸುಳ್ಳು ಪಟ್ಟಿ ಕಳಿಸಿದೆ ಅಂತ ನನ್ನ ಕೆಲಸ ಹೋಗುತ್ತೆ. ಒಂದೇ ಒಂದು ದಿನ ಅವರು ಬದುಕಿರ್ಲಿ ಉಲ್ಕಾನ್ ಅಪಾ. ನಿಮ್ಮ ಕಾಲಿಗೆ ಬೀಳ್ತೀನಿ.”

ಉಲ್ಕಾನ್ ಬಾಗಿಲಿಗೆ ಎದುರಿನ, ಮನೆಯ ಹಿರಿಯರು ಕೂರುವ ಜಾಗದ ಕಡೆ ಒಮ್ಮೆ ನೋಡಿದಳು. ಅಲ್ಲಿನ ದಿಂಬು ಎಲ್ಲಕ್ಕಿಂತ ಹೆಚ್ಚು ತಗ್ಗಿತ್ತು.

“ಬರ್ಲಿ,” ಎಂದಳು. “ದೊಡ್ಡವರಿಗೂ ಹೊಸ ಬಟ್ಟೆ ಕಂಡು ಬಹಳ ವರ್ಷ ಆಯ್ತು.”

ಗುರುವಾರ ಎರಡು ಗಂಟೆಗೆ ಜಿಲ್ಲೆಯ ಸಾಹೇಬರು ಬಂದರು. ಕಾಗದದಿಂದ ತಲೆ ಎತ್ತದೆ ಇಪ್ಪತ್ತು ವರ್ಷ ಸೇವೆ ಮಾಡಿದವರು. ಕೋಣೆಯಲ್ಲಿ ಎಣ್ಣೆಯ ಹೊಗೆ ತುಂಬಿತ್ತು. ಅವರು ಗೌರವದ ಜಾಗದ ಮುಂದೆ ಮಂಡಿಯೂರಿ ಕೂತು ಭಾಷಣ ಓದಲು ತೊಡಗಿದರು. ಒಂದು ಪುಟವಾದ ಮೇಲೆ ನಿಂತರು.

“ಜೋರಾಗಿ ಓದ್ಬೇಕಂತಾ?” ಎಂದು ಬೈಶೆಂಬಿಯನ್ನು ಕೇಳಿದರು.

“ಯಾರು ಹೇಳಿದ್ರು ಸಾರ್?”

“ಹಿರಿಯರು ಕಿವಿಗೆ ಕೈ ಇಟ್ಕೊಂಡ್ರಲ್ಲ.” ಸಾಹೇಬರು ದನಿ ಏರಿಸಿ ಉಳಿದದ್ದನ್ನು ಓದಿದರು. ಬೈಶೆಂಬಿಯ ಟೈ ಸಡಿಲವಾಯಿತು.

ಓದು ಮುಗಿಸಿ ನೀಲಿ ಮಖಮಲ್ಲಿನ ಚಪಾನನ್ನು ಬಿಡಿಸಿ ಮುಂದೆ ಹೊದಿಸಿದರು. ಆ ನಿಲುವಂಗಿ ದಿಂಬಿನ ಮೇಲೆ ಕುಸಿಯಲಿಲ್ಲ. ಭುಜ ಇರಬೇಕಾದಲ್ಲಿ ಭುಜದ ಹಾಗೆ ನಿಂತಿತು. ಪಡೆದದ್ದಕ್ಕೆ ಸಹಿ ಬೇಕೆಂದು ಪುಸ್ತಕವನ್ನು ಮುಂದಿಟ್ಟು, ಸಾಹೇಬರು ಉಲ್ಕಾನ್ ಕೊಟ್ಟ ಚಹಾಕ್ಕೆ ತಿರುಗಿದರು. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಸಹಿಯಾಗಿತ್ತು, ಹಳೆಯ ಅರಬ್ಬಿ ಲಿಪಿಯಲ್ಲಿ. ಅದನ್ನು ಬರೆಯಬಲ್ಲವರು ಅಕ್-ಬುಲುಂಗ್‌ನಲ್ಲಿ ಇಲ್ಲವಾಗಿ ನಲವತ್ತು ವರ್ಷವಾಗಿತ್ತು.

“ಅಕ್ಷರ ಎಷ್ಟು ದುಂಡಗಿದೆ ನೋಡಿ,” ಎಂದರು ಸಾಹೇಬರು. ಗೇಟಿನ ಹತ್ತಿರ ಬಂದು ಬಲಗೈಯನ್ನು ಕೋಟಿಗೆ ಉಜ್ಜಿಕೊಂಡರು. “ಮಾತು ಕಮ್ಮಿ, ಆದ್ರೆ ಹಿಡಿತ ಗಟ್ಟಿ. ಕೈ ಮಾತ್ರ ತುಂಬಾ ತಣ್ಣಗಿದೆ ತಾಯಿ. ಬೆಚ್ಚಗೆ ಹೊದಿಸಿ ಇಡಿ.”

ಅವರ ಕಾರು ತಿರುವು ದಾಟುವ ಮೊದಲೇ ಲ್ಯಾಪ್‌ಟಾಪ್ ಸದ್ದು ಮಾಡಿತು. ಕುಂದುಜ್. ಅವಳು ಮಧ್ಯಾಹ್ನ ಬರೆದದ್ದು ಅದೇ ಮೊದಲು. “ಐನೂರು ಮುಗಿದವು. ಇಪ್ಪತ್ತಮೂರು ಉತ್ತರ ಅನುಮಾನ. ಆರು ಗಂಟೆಯೊಳಗೆ ಸರಿಪಡಿಸಿ. ಇಲ್ಲವಾದರೆ ಕೆಲಸ ಇಲ್ಲ.” ಕೆಳಗೆ ಅವೇ ಇಪ್ಪತ್ತಮೂರು ಚಿತ್ರಗಳು. ಜಿಪಾರ್ ಮೊದಲನೆಯದನ್ನು ತೆರೆದಳು. ಗುಮ್ಮಟದ ಬಾಗಿಲು ಹಾರುಹೊಡೆದಿತ್ತು. ಕಲ್ಲಿನಲ್ಲಿ ಹೆಸರಿತ್ತು, ವರ್ಷವಿತ್ತು, ಮುಖವಿರಲಿಲ್ಲ. ಬಿಸಿಲಿಗೆ ಹೊಳೆದಿರಬೇಕು ಎಂದುಕೊಂಡು ಎರಡನೆಯದನ್ನು ತೆರೆದಳು, ಹತ್ತನೆಯದನ್ನು ತೆರೆದಳು. ಅಷ್ಟೂ ಕಲ್ಲುಗಳ ಮೇಲೆ ಬಿಸಿಲು ಮುಖದ ಜಾಗದಲ್ಲೇ ಬಿದ್ದಿತ್ತು.

“ಮುಟ್ಬೇಡಿ!” ಎಂದ ಬೈಶೆಂಬಿ. “ಚಪಾನ್ ಕೊಟ್ಟು ಒಂದು ಗಂಟೆ ಆಗಿಲ್ಲ. ಇವತ್ತೇ ಸತ್ತರೆ ನಾನೇನು ವರದಿ ಬರೀಲಿ? ತಾಯಿ, ಯೋಚ್ನೆ ಮಾಡಿ. ಇಪ್ಪತ್ತಮೂರು ಜನಕ್ಕೆ ಪಿಂಚಣಿ ಬರೆಸ್ಕೊಡ್ತೀನಿ. ಸುಮ್ಮನೆ ಮನೇಲಿ ಕೂತಿದ್ರಾಯ್ತು. ಮನೇಲಿ ಕೂತು ಮಾಡೋ ಕೆಲಸ ಅಂದ್ರೆ ಇದೇ ಅಲ್ವಾ?”

ಉಲ್ಕಾನ್ ಅವನ ಕೈಗೆ ಖಾಲಿ ಬಕೆಟ್ ಕೊಟ್ಟು ಹೊಳೆಯಿಂದ ನೀರು ತರಲು ಕಳಿಸಿದಳು. ಬಾಗಿಲು ಹಾಕಿ ಬಂದು ಸೊಸೆಯ ಪಕ್ಕ ಕೂತಳು.

“ಅಪಾ,” ಎಂದ ಜಿಪಾರ್‌ಗೆ ಅಳು ತಡೆಯಲಾಗಲಿಲ್ಲ. “ನನಗೆ ಹೋಗೋಕೆ ಆಗಲ್ಲ ಅಪಾ. ಬೆರ್ಮೆತ್‌ನ ಬಿಟ್ಟು ಹೋಗೋಕೆ ಆಗಲ್ಲ.”

“ಗೊತ್ತು ಕಣೇ.” ಅತ್ತೆ ಗೋಡೆಯ ಹತ್ತಿರ ನೋಡಿದಳು. ಅಲ್ಲಿ ಚಿಕ್ಕ ಮೊಮ್ಮಗಳು ಫೋನಿನ ಪಕ್ಕ ಕೆನ್ನೆ ಇಟ್ಟು ಮಲಗಿದ್ದಳು. “ಮೂರನೆಯದು ಭಾರ ಅಲ್ಲ ಅಂದೆನಲ್ಲ, ಅದು ಸುಳ್ಳು. ಈ ಇಬ್ಬರನ್ನ ನೋಡಿದ್ರೇನೇ ಎದೆ ಒಡೆಯುತ್ತೆ.” ಅವಳು ತಲೆವಸ್ತ್ರವನ್ನು ಬಿಗಿದು ಕಟ್ಟಿಕೊಂಡು ಕೋಣೆಗೆಲ್ಲ ಕೇಳುವಂತೆ ಹೇಳಿದಳು: “ಹಿರಿಯರೇ, ನೀವು ಬಂದದ್ದು ಸಂತೋಷ. ಬೋರ್ಸೋಕ್ ತಿಂದ್ರಿ, ಬಟ್ಟೆ ಉಡುಗೊರೆ ಆಯ್ತು. ಈ ಹುಡುಗಿ ಇಲ್ಲೇ ಇರ್ಬೇಕು, ಅದಕ್ಕೆ ನೀವು ಹೊರಡ್ಬೇಕು. ಹೆಸರು ಹಿಡಿದು ಹೇಳ್ತೀನಿ, ಆ ಪಾಪ ನನಗಿರ್ಲಿ. ಸೊಸೇ, ನೀನು ಬರೀ ಬೆರಳು. ಬರ್ಕೋ. ಟೊಕ್ಟೊಸುನ್.”

ನಲವತ್ತಾರು ವರ್ಷ ಬಾಯಿಗೆ ಬಾರದಿದ್ದ ಹೆಸರು ಅವಳ ನಾಲಿಗೆಯ ಮೇಲೆ ಕಲ್ಲುಸಕ್ಕರೆಯಂತೆ ತಡವರಿಸಿ ಹೊರಬಂತು. ಜಿಪಾರ್ ಟೈಪ್ ಮಾಡಿದಳು. ನೀಲಿ ಚಪಾನ್ ಎದ್ದು ನಿಂತು, ಬಾಗಿಲ ಪರದೆಯನ್ನು ಸರಿಸಿಕೊಂಡು ಹೋಯಿತು. ಅಂಗಳದಲ್ಲಿ ಅಕ್ತೋಶ್ ಒಮ್ಮೆ ತಲೆಯಾಡಿಸಿತು. ಹೊಳೆಯ ಕಡೆಯಿಂದ ಬಕೆಟ್ ಬಿದ್ದ ಸದ್ದೂ ಬೈಶೆಂಬಿಯ ಕೂಗೂ ಕೇಳಿಸಿದವು.

ಎರಡನೆಯವರು, ಮೂರನೆಯವರು, ಅವರ ತಮ್ಮಂದಿರು, ಅವರ ಮಕ್ಕಳು. ಉಲ್ಕಾನ್ ಹೇಳುತ್ತ ಹೋದಳು, ಜಿಪಾರ್ ಒತ್ತುತ್ತ ಹೋದಳು. ಒಂದೊಂದು ಹೆಸರಿಗೂ ಒಂದೊಂದು ದಿಂಬು ಉಬ್ಬಿ ಮೇಲೆದ್ದಿತು. ತಂಬಾಕಿನ ವಾಸನೆ ತೆಳುವಾಯಿತು. ಬೆರ್ಮೆತ್ ಹಾಸಿಗೆಯ ನಡುವೆ ಎರಡು ಕೈ ಚಾಚಿ ಉರುಳಿ ನೋಡಿದಳು, ಯಾರೂ ತಾಗಲಿಲ್ಲ. ಇಪ್ಪತ್ತೆರಡು ಮುಗಿದಾಗ ಆರಕ್ಕೆ ಹತ್ತು ನಿಮಿಷವಿತ್ತು.

ಇಪ್ಪತ್ತಮೂರನೆಯ ಚಿತ್ರ ತೆರೆದುಕೊಂಡಿತು. ಉಲ್ಕಾನ್ ಬಾಯಿ ತೆರೆದಳು. ಮುಚ್ಚಿದಳು. ಒಲೆಯ ಪಕ್ಕದಲ್ಲಿದ್ದ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದಳು.

“ಬಿಸಿ ಇದೆ,” ಎಂದಳು. “ಕುಡಿದು ಮುಗಿಸ್ಲಿ.”

ಐದು ನಿಮಿಷ. ಉಲ್ಕಾನ್ ಮತ್ತೆ ಬಾಯಿ ತೆರೆದಳು. ಹೆಸರಿನ ಮೊದಲ ಅಕ್ಷರವೂ ಹೊರಡಲಿಲ್ಲ. ಇಪ್ಪತ್ತೆರಡು ಜನರನ್ನು ಗುಡ್ಡಕ್ಕೆ ಹತ್ತಿಸಿದ ಹೆಂಗಸು ಹೊಸ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೂತಳು. ಆಗ, ಎಲ್ಲರಿಗಿಂತ ತಡವಾಗಿ, ಜಿಪಾರ್‌ಗೆ ಅರ್ಥವಾಯಿತು. ಅವಳು ಬೆರಳು ಮಡಿಸಿ ಒಮ್ಮೆ ಎಣಿಸಿದಳು, ತನ್ನ ಲೆಕ್ಕದ ಮೇಲೆ ನಂಬಿಕೆಯಿಲ್ಲದೆ ಇನ್ನೊಮ್ಮೆ ಎಣಿಸಿದಳು.

“ಅಪಾ, ಒಂದು ತಪ್ಪು ಉಳಿದಿದೆ.”

“ಯಾರದ್ದು?”

“ನನ್ನದು.”

ಮೂರು ಮೋಸ ದಾಟಿ ಪ್ರಾಮಾಣಿಕ ಕೆಲಸಕ್ಕಾಗಿ ಅಷ್ಟು ಹಂಬಲಿಸಿದ್ದ ಜಿಪಾರ್, ತಿಳಿದೂ ತಿಳಿದೂ ಮೂಲೆಯ ಸಣ್ಣ ಗುಂಡಿಯನ್ನು ಒತ್ತಿದಳು. ಇದು ಸಮಾಧಿ ಅಲ್ಲ. ‘ಖಚಿತವೇ?’ ಎಂದು ಯಂತ್ರ ಕೇಳಿತು. ಹೌದು ಎಂದಳು, ಬೆರಳಿನಲ್ಲೂ ಬಾಯಲ್ಲೂ.

ಮರುದಿನ ಒಂಬತ್ತಕ್ಕೆ ಸಂದೇಶ ಬಂತು. “ಹತ್ತು ತಪ್ಪು. ಕೆಲಸ ನಿಮ್ಮದು. ಸೋಮವಾರ ಶುರು.” ಅದರ ಕೆಳಗೆ, ತಿಂಗಳಲ್ಲಿ ಮೊದಲ ಸಲ, ಇನ್ನೊಂದು ಸಾಲಿತ್ತು: “ಮನೆಯಲ್ಲಿರುವ ಹಿರಿಯರಿಗೆ ಸಲಾಂ.” ಜಿಪಾರ್ ಆ ಬೂದು ಗುಡ್ಡದ ಚಿತ್ರವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು, ಆಮೇಲೆ ಹೆಚ್ಚು ಕೆದಕುವುದು ಬೇಡವೆಂದು ಮುಚ್ಚಿದಳು. ಮಾಸ್ಕೋ ಪ್ರಯಾಣ ರದ್ದಾಯಿತು. ಆ ಸುದ್ದಿ ಕೇಳಿದ ನಾದಿನಿ ಫೋನಿನಲ್ಲಿ, ಆ ಕಚೇರಿಯಲ್ಲಿ ಇನ್ನೊಬ್ಬರಿಗೆ ಜಾಗ ಇದೆಯೇ ಎಂದು ಮೆಲ್ಲಗೆ ಕೇಳಿದಳು.

ಜಿಲ್ಲೆಯವರು ಸರ್ಕಾರಿ ಚಪಾನನ್ನು ವಾಪಸು ಕೇಳಿದರು. ಬೈಶೆಂಬಿ ಹೊಳೆಯಲ್ಲಿ ನೆನೆದು ಹಿಡಿದ ನೆಗಡಿಯಲ್ಲೇ ಪುಸ್ತಕ ತೆರೆದು ತೋರಿಸಿದ. ಕೊಟ್ಟದ್ದಕ್ಕೆ ಸಹಿ ಇದೆ, ತಾರೀಕಿದೆ, ಪಡೆದವರ ಹೆಸರು ಅಂದೇ ಸಂಜೆ ಸಮಾಧಿಗಳ ಪಟ್ಟಿಗೆ ಸೇರಿದೆ. ನಿಯಮದ ಪ್ರಕಾರ ಎಲ್ಲ ಸರಿಯಿದೆ ಎಂದು ಕಡತ ಮುಚ್ಚಿದರು.

ಸೋಮವಾರ ಜಿಪಾರ್ ಕಿಟಕಿಯ ಹತ್ತಿರ ಕೆಲಸಕ್ಕೆ ಕೂತಳು. ಉಲ್ಕಾನ್ ಆರು ಬಟ್ಟಲಿಗೆ ಚಹಾ ಬಗ್ಗಿಸಿದಳು. ಬೆರ್ಮೆತ್ ಅಮ್ಮನ ಹತ್ತಿರ ಓಡಿ ಬರುತ್ತ ಒಲೆಯ ಪಕ್ಕದಲ್ಲಿ ಮುಗ್ಗರಿಸಿ ಬಿದ್ದಳು.

ಉಲ್ಕಾನ್ ಸೌಟನ್ನು ಕೈಯಲ್ಲೇ ಹಿಡಿದು ತಿರುಗಿ, ಬೀದಿಗೆಲ್ಲ ಕೇಳುವಂತೆ ಗದರಿದಳು: “ಕಾಲು ಮಡಿಸಿ ಕೂತ್ಕೊಳ್ಳಿ ಅಂತ ಎಷ್ಟು ಸಲ ಹೇಳೋದು ನಿಮಗೆ? ಮಗು ಎಡವುತ್ತೆ!”